ಪದ್ಮಯ್ಯ ಕಲಿಸಿದ ಬೆಕ್ಕು

ಅಜ್ಜಾವರ ಎಂಬ ಹಳ್ಳಿಯ ಒಳಗಿನ ಅಂಗನವಾಡಿಯ ಅರ್ಧ ಮಕ್ಕಳನ್ನು ಇಂಗ್ಲಿಷ್ ಎಲ್‌ಕೆಜಿಯ ಹಳದಿ ವ್ಯಾನು ಆಗಲೇ ಹೊತ್ತುಕೊಂಡು ಹೋಗಿತ್ತು. ಉಳಿದವರಿಗೆ ಕನ್ನಡವೂ ಬರುವುದಿಲ್ಲ ಎಂದು ತಪಾಸಣೆಗೆ ಬರುವ ಮೇಲ್ವಿಚಾರಕಿ ಬರೆದರೆ ಬಾಗಿಲು ಮುಚ್ಚುವುದೇ ಸೈ. ಮೊಮ್ಮಗಳು ಧನ್ವಿಯನ್ನು ದಿನಾ ಅಲ್ಲಿಗೆ ಬಿಡುವ ಪದ್ಮಯ್ಯನಿಗೆ ತಲೆಬಿಸಿಯಾಯಿತು. ಮನೆಯಲ್ಲಿ ಅರೆಭಾಷೆ, ಬ್ಯಾರಿ, ತುಳು ಆಡುವ ಮಕ್ಕಳು ಬೆಕ್ಕಿಗೆ ‘ಪುಚ್ಚೆ’ ಎನ್ನುವುದನ್ನು ಕೇಳಿ, ಕನ್ನಡ ಕಲಿಸಲು ತಾನೇ ಕೂತ. ಕೂತ ಎನ್ನುವುದಕ್ಕಿಂತ ಬೊಬ್ಬೆ ಹೊಡೆದ ಎನ್ನಬೇಕು.

“ಪುಚ್ಚೆ ಅಲ್ಲ, ಬೆಕ್ಕು! ಎಷ್ಟು ಸಲ ಹೇಳುದು?”

“ಮೆಲ್ಲ ಹೇಳಿ ಅಣ್ಣ,” ಎಂದರು ಶರ್ಮಿಳಾ ಟೀಚರ್. “ಮಕ್ಕಳು ಹೆದರಿದರೆ ಬಾಯಲ್ಲಿ ಬೆಕ್ಕೂ ಇಲ್ಲ, ಪುಚ್ಚೆಯೂ ಇಲ್ಲ.”

ಹಾಗೆಯೇ ಆಯಿತು. ಮೇಲ್ವಿಚಾರಕಿ ಬಂದು ಬೆಕ್ಕಿನ ಚಿತ್ರ ತೋರಿಸಿದಾಗ ಮಕ್ಕಳು ಪದ್ಮಯ್ಯನ ಮುಖ ನೋಡಿ ಬಾಯಿ ಹೊಲಿದುಕೊಂಡರು. ಮೇಡಂ ಪೆನ್ನು ತೆಗೆದರು. ಅಷ್ಟರಲ್ಲಿ ನಿಜವಾದ ಬೆಕ್ಕೊಂದು ನುಗ್ಗಿ ಮೊಟ್ಟೆಯ ಪಾತ್ರೆಗೆ ಬಾಯಿ ಹಾಕಿತು.

“ಹೋಯ್, ಪುಚ್ಚೆ! ಪುಚ್ಚೆ! ಓಡಿಸಿ ಮಾರಾಯ್ರೆ!” ಪದ್ಮಯ್ಯ ಎದ್ದು ಕುಣಿದ.

ಧನ್ವಿ ಸೊಂಟಕ್ಕೆ ಕೈಯಿಟ್ಟಳು. “ಪುಚ್ಚೆ ಅಲ್ಲ ಅಜ್ಜ, ಬೆಕ್ಕು!”

“ಬಿಳಿ ಬೆಕ್ಕು! ಮೊಟ್ಟೆ ತಿಂದಿತು! ಓಡಿತು!” ಎಂದು ಬ್ಯಾರಿ ಮನೆಯ ಹುಡುಗಿ ರಿಫಾ ಕಿರುಚಿದಳು. ಉಳಿದವರೂ ದನಿಗೂಡಿಸಿದರು.

ಮೇಡಂ ನಗು ತಡೆದುಕೊಂಡು ಬರೆಯುತ್ತಾ ಹೇಳಿದರು. “ಮಕ್ಕಳಿಗೆ ಕನ್ನಡ ಲಾಯ್ಕ ಬರ್ತದೆ. ಅಂಗನವಾಡಿ ಇಲ್ಲೇ ಇರಲಿ. ಇಲ್ಲಿ ಕಲಿಯದವರು ಒಬ್ಬರೇ ಇರುದು.”

ಪದ್ಮಯ್ಯನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಸುತ್ತ ನೋಡಿದ. ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.