ಟೈಲರನ ಬೆನ್ನು

ಅಳತೆಕೋಲು ಮುರಿದು ಟೈಲರ್ ಮತ್ತೆ ಹೊಸದು ಕೊಳ್ಳಲು ಬಂದಾಗ ಅಂಗಡಿಯವನಿಗೇ ಕನಿಕರ ಹುಟ್ಟಿತು. ಒಳಗಿನಿಂದ ಕಬ್ಬಿಣದ್ದೊಂದನ್ನು ತಂದು ಮುಂದಿಟ್ಟ. "ಇದನ್ನ ತಗೊಳ್ಳಿ ಸಾರ್. ನೀವು ಸತ್ತರೂ ಇದು ಮುರಿಯಲ್ಲ."

"ಅದಕ್ಕೇ ಬೇಡಪ್ಪ. ಮರದ್ದೇ ಕೊಡು," ಎಂದ ಟೈಲರ್.

ಅಂಗಡಿಯವನು ಇದನ್ನು ಜಿಪುಣತನ ಅಂದುಕೊಂಡ. ಮರದ್ದಾದರೆ ಬೆನ್ನಿಗಿಂತ ಮೊದಲು ಕೋಲೇ ಮುರಿಯುತ್ತದೆ ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಹೌದು, ಹೊಡೆಯುತ್ತಿದ್ದವಳು ಹೆಂಡತಿ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಟೈಲರ್ ಕೂಡ ಮೊದಮೊದಲು ಒಬ್ಬನೇ ಕೂತು ನಕ್ಕಿದ್ದುಂಟು. ಗಂಡಸಾಗಿ ಹೆಂಡತಿಯ ಕೈಲಿ ಪೆಟ್ಟು ತಿಂದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ಕೇಳಿದವನು ಇನ್ನೊಬ್ಬನಿಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಹೆಂಡತಿಯದು ಕೋಳಿ ಅಂಗಡಿ, ಅವಳಪ್ಪ ಬಿಟ್ಟುಹೋದದ್ದು. ಎಡಗೈಯಲ್ಲಿ ಕೋಳಿಯ ಎರಡೂ ರೆಕ್ಕೆ ಮಡಚಿ ಹಿಡಿದು, ತಲೆ ಕೆಳಗಾಗಿ ತಗಡಿನ ಕೊಳವೆಗೆ ತುರುಕಿ, ಕತ್ತಿನ ಮೇಲೆ ಒಂದೇ ಒಂದು ಸಲ ಚಾಕು ಎಳೆಯುವಳು. ಒದ್ದಾಟ ನಿಂತ ಮೇಲೆ ಬಿಸಿನೀರಿನ ಡ್ರಮ್ಮು, ಪುಕ್ಕ, ಆಮೇಲೆ ಮರದ ಕೊರಡಿನ ಮೇಲೆ ಮಚ್ಚಿನ ಸದ್ದು. ಗಿರಾಕಿ ಚಿಲ್ಲರೆ ಹುಡುಕುವುದರೊಳಗೆ ಪೊಟ್ಟಣ ತಯಾರು. ಬೀದಿಯವರು ಎದುರಿಗೆ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಮಚ್ಚಕ್ಕ. ಅವಳ ಹತ್ತಿರ ಚೌಕಾಸಿ ಮಾಡಿದ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ನಡುವೆ ಗೋಡೆಯ ಬದಲು ಒಂದು ಪರದೆ. ಕಿಟಕಿಯ ಪಕ್ಕ ಟೈಲರನ ಮಿಷನ್ನು. ಮದುವೆಯಾದಾಗಿನಿಂದಲೂ ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು, ಆದರೆ ಅದು ಪಾತ್ರೆಗಳ ಮೇಲೆ ತೀರಿಹೋಗುತ್ತಿತ್ತು. ಗಂಡನ ಮೈಗೆ ಇಳಿದದ್ದು ಕಾಯುವುದು ಶುರುವಾದ ಮೇಲೆ.

ಕಾಯುತ್ತಿದ್ದುದು ಒಂದು ಮಗುವಿಗೆ. ಸಮುದ್ರದಾಚೆಯ ಒಂದು ದೇಶದ ಅನಾಥಾಲಯದಲ್ಲಿದ್ದ ಹೆಣ್ಣು ಮಗು. ದತ್ತು ಕಚೇರಿಯವರು ಮೊದಲ ಫೋಟೋ ಕೊಟ್ಟಾಗ ಅದಕ್ಕೆ ಇನ್ನೂ ಸರಿಯಾಗಿ ಕೂದಲು ಬಂದಿರಲಿಲ್ಲ. ಜಗತ್ತಿನ ಮೇಲೆಲ್ಲ ಮುನಿಸಿಕೊಂಡಂತೆ ತುಟಿ ಉಬ್ಬಿಸಿ ಕೂತಿತ್ತು. "ನೋಡ್ರೀ ಅದರ ಮೂತಿ! ಥೇಟ್ ನಂದೇ!" ಎಂದು ಹೆಂಡತಿ ಅಂಗಡಿಯಲ್ಲಿ ನಿಂತೇ ಕೂಗಿದ್ದಳು. ಅಂದಿನಿಂದ ಅದರ ಹೆಸರು ಮೂತಿ.

ಆಮೇಲೆ ಶುರುವಾಯಿತು ನೋಡಿ. ಅಲ್ಲಿನ ನ್ಯಾಯಾಧೀಶರು ಬದಲಾದರು. ಅಲ್ಲಿನ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಮಕ್ಕಳನ್ನು ಹೊರದೇಶಕ್ಕೆ ಕೊಡುವುದಿಲ್ಲ ಎಂದಿತು, ಆಮೇಲೆ ಕೊಡುತ್ತೇವೆ ಎಂದಿತು, ಅಷ್ಟರಲ್ಲಿ ಇವರು ಕೊಟ್ಟ ಕಾಗದಗಳ ಅವಧಿ ಮುಗಿದಿತ್ತು. ಮತ್ತೆ ಡಾಕ್ಟರು, ಮತ್ತೆ ಪೊಲೀಸರ ಸಹಿ, ಮತ್ತೆ ಮೊದಲಿನಿಂದ. ಮೂತಿಗೆ ಅಲ್ಲಿ ಹಲ್ಲು ಬಂದವು, ನಡಿಗೆ ಬಂತು, ಮಾತು ಬಂತು. ಇಲ್ಲಿ ಫೋನು ಬಂದಾಗಲೆಲ್ಲ "ಇನ್ನೂ ಸ್ವಲ್ಪ ಕಾಯಬೇಕು" ಎನ್ನುವ ಒಂದೇ ಮಾತು. ಕೆಟ್ಟ ಸುದ್ದಿ ಕೊಟ್ಟವರು ದೂರದಲ್ಲಿದ್ದರು, ಟೈಲರ್ ಕೈಗೆ ಸಿಗುವಷ್ಟು ಹತ್ತಿರ ಇದ್ದ. ಇದಕ್ಕಿಂತ ದೊಡ್ಡ ಕಾರಣವೇನೂ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಫೈಲೇ ಕಾಣುತ್ತಿಲ್ಲವಂತೆ ಎಂದು ಫೋನು ಬಂತು. ಟೈಲರ್ ಮೂತಿಗೆಂದು ಫ್ರಾಕು ಹೊಲಿಯುತ್ತಿದ್ದ. ಯಾವಾಗ ಬರುತ್ತಾಳೋ, ಎಷ್ಟು ಬೆಳೆದಿರುತ್ತಾಳೋ ತಿಳಿಯದ್ದರಿಂದ ಅಂಚಿನಲ್ಲೂ ಪಕ್ಕದಲ್ಲೂ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುವುದು ಅವನ ಕ್ರಮ. ಬೇಕಾದಾಗ ಬಿಚ್ಚಿ ದೊಡ್ಡದು ಮಾಡಬಹುದು. ಹೆಂಡತಿ ರಕ್ತದ ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತಿ ಬಂದಳು.

"ಫೈಲು ಕಳೆದೋಯ್ತಂತೆ."

"ಸಿಗುತ್ತೆ ಬಿಡೇ. ಇಷ್ಟು ದಿನ ಕಾದಿಲ್ವಾ, ಇನ್ನು ಸ್ವಲ್ಪ..."

ಆ 'ಸ್ವಲ್ಪ' ಬಾಯಿಂದ ಪೂರ್ತಿ ಹೊರಬೀಳಲಿಲ್ಲ. ಅಳತೆಕೋಲು ಕಿವಿಯ ಪಕ್ಕ ಬಡಿಯಿತು, ಆಮೇಲೆ ಹೆಗಲಿಗೆ, ಬೆನ್ನಿಗೆ, ಮತ್ತೆ ಬೆನ್ನಿಗೆ. ಮುರಿದ ತುಂಡನ್ನು ಬಿಸಾಕಿ ಅವನ ಕತ್ತು ಹಿಡಿದು ಮಿಷನ್ನಿನ ಮೇಲೆ ಅದುಮಿದಳು. ಅವನ ಕಾಲು ಪೆಡಲಿನ ಮೇಲೇ ಇತ್ತು. ಸೂಜಿ ಹೆಬ್ಬೆರಳ ಉಗುರಿನ ಮೂಲಕ ಇಳಿದು ಇನ್ನೊಂದು ಕಡೆ ಬಂತು.

ಅವನ ಕೂಗು ಕೇಳಿ ಕೆಳಗೆ ಗೂಡಿನಲ್ಲಿದ್ದ ಕೋಳಿಗಳೆಲ್ಲ ಕಿರುಚಿಕೊಂಡವು. ಚಕ್ರವನ್ನು ಹಿಂದಕ್ಕೆ ತಿರುಗಿಸಿ ಸೂಜಿ ಎತ್ತಿದವಳೂ ಅವಳೇ. ಬೆರಳಿಗೆ ಬಟ್ಟೆ ಕಟ್ಟಿದಳು. ಅವನ ಮಂಡಿಗೆ ಹಣೆ ಹಚ್ಚಿ "ನನ್ನ ಕೈ ಸೇದಿಹೋಗ, ನನ್ನ ಕೈ ಸೇದಿಹೋಗ" ಎಂದು ಅತ್ತಳು. ಆಮೇಲೆ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸಿದಳು. ಟೈಲರ್ ತಿಂದ. ಮೂತಿ ಒಬ್ಬಳು ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಅವನು ಹಲ್ಲು ಕಚ್ಚಿ ಬದುಕುತ್ತಿದ್ದುದೇ ಆ ನಂಬಿಕೆಯ ಮೇಲೆ. ಆ ಮಗು ಅವನಿಗೂ ಬೇಕಿತ್ತು, ಅವಳಿಗಿಂತ ಒಂದು ಕೂದಲೂ ಕಡಿಮೆಯಲ್ಲ.

ಇನ್ನು ಕಚೇರಿಯ ಮೇಡಂ. ದತ್ತು ಕೇಳಿದವರ ಮನೆಗೆ ಆಗಾಗ ಬಂದು ನೋಡಿ ಹೋಗುವುದು ಅವರ ಕೆಲಸ. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಬಂದವರೇ ಗಂಡನನ್ನು ಪರದೆಯ ಆಚೆ ಕಳಿಸಿ ಹೆಂಡತಿಯ ಹತ್ತಿರ ತಗ್ಗಿದ ದನಿಯಲ್ಲಿ ಕೇಳುವರು: "ಗಂಡ ಕೈ ಮಾಡ್ತಾರಾ? ಹೆದರಬೇಡಿ, ನನ್ನ ಹತ್ತಿರ ಹೇಳಿ." ಅವಳ ತೋಳು, ಕತ್ತು, ಕೆನ್ನೆಯನ್ನು ಕಣ್ಣಲ್ಲೇ ತಡಕುವರು. ಏನೂ ಇರುವುದಿಲ್ಲ. ಎಲ್ಲಿಂದ ಇರಬೇಕು? ಅತ್ತ ಪರದೆಯ ಹಿಂದೆ, ಉರಿಬಿಸಿಲಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಕತ್ತಿನ ಗುಂಡಿಯವರೆಗೆ ಬಿಗಿದುಕೊಂಡು ಟೈಲರ್ ನಿಂತಿರುತ್ತಿದ್ದ. "ನಿಮ್ಮ ಯಜಮಾನರು ಎಷ್ಟು ನೀಟು!" ಎಂದು ಮೆಚ್ಚಿಕೊಂಡು ಮೇಡಂ ಬರೆದುಕೊಂಡು ಹೋಗುವರು. ಗಂಡನಿಗೆ ಆ ಪ್ರಶ್ನೆ ಕೇಳಬೇಕೆಂದು ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ. ಓದಿದವರು, ಬಲ್ಲವರು, ಆದರೂ ಹೊಳೆಯಲಿಲ್ಲ.

ಕೊನೆಗೂ ಫೈಲು ಸಿಕ್ಕಿತು, ನ್ಯಾಯಾಲಯ ಒಪ್ಪಿತು. ಇನ್ನು ಮೇಡಂ ಒಂದು ಸಲ ಬಂದು ಕೊನೆಯ ವರದಿ ಕೊಡಬೇಕು, ಆಮೇಲೆ ಹೋಗಿ ಮಗುವನ್ನು ಕರೆದು ತರುವುದಷ್ಟೇ. ಅದಕ್ಕೆ ಮುಂಚೆ ಮಗು ಇವರ ಮುಖ ನೋಡಲಿ ಎಂದು ಅನಾಥಾಲಯದವರು ವಿಡಿಯೋ ಕಾಲ್ ಮಾಡಿದರು. ಗಂಡ ಹೆಂಡತಿ ಅಂಗಡಿಯ ಬಾಗಿಲೆಳೆದು, ಫೋನನ್ನು ತಕ್ಕಡಿಗೆ ಒರಗಿಸಿ ಕೂತರು. ಫೋನಿನ ತುಂಬ ಮೂತಿ. ಈಗ ಎರಡು ಜಡೆ. ಅದೇ ಉಬ್ಬಿದ ತುಟಿ. ಹೆಂಡತಿ ಕೋಳಿಯ ಹಾಗೆ ಕೊಕ್ಕೊಕ್ಕೋ ಎಂದಳು. ಮಗು ನಕ್ಕಿತು. ಟೈಲರನಿಗೆ ಎದೆ ತುಂಬಿ ಬಂತು.

ಅಷ್ಟರಲ್ಲಿ ಫೋನಿನ ಮೇಲೆ ನೊಣ ಕೂತಿತು. ಓಡಿಸಲು ಹೆಂಡತಿ ರಪ್ಪನೆ ಕೈ ಎತ್ತಿದಳು.

ಆಚೆ ಮಗು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮೇಜಿನ ಕೆಳಗೆ ಜಾರಿತು. ಫೋನಿನ ಮೂಲೆಯ ಪುಟ್ಟ ಚೌಕದಲ್ಲಿ ಇವರಿಬ್ಬರೂ ಕಾಣುತ್ತಿದ್ದರಲ್ಲ, ಅಲ್ಲಿ ಟೈಲರ್ ಕೂಡ ಮುಖ ಆಚೆ ತಿರುಗಿಸಿ ಮೊಣಕೈ ಅಡ್ಡ ಹಿಡಿದಿದ್ದ. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಹೆಂಡತಿ ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಇಬ್ಬರನ್ನೂ ನೋಡಿದಳು. ಅಲ್ಲಿನ ಆಯಾ ನಗುತ್ತ ಮಗುವನ್ನು ಹೊರಗೆಳೆದಳು. ಮಗು ಆಮೇಲೆ ನಗಲಿಲ್ಲ.

ಅಲ್ಲಿಂದಾಚೆ ಅವಳು ಒಂದು ಮಾತಿಗೂ ಸಿಡುಕಲಿಲ್ಲ. ಟೈಲರ್ ಖುಷಿಯಾಗಿದ್ದ. ನೋಡು, ಮಗು ಬರುವ ಮೊದಲೇ ತಣ್ಣಗಾದಳು ಎಂದುಕೊಂಡು ಫ್ರಾಕಿನ ಅಂಚುಗಳನ್ನು ಬಿಚ್ಚಿ ಉದ್ದ ಮಾಡುತ್ತ ಕೂತ.

ಮೇಡಂ ಕೊನೆಯ ವರದಿಗೆ ಬಂದರು. ಎಂದಿನಂತೆ ಟೈಲರ್ ಪರದೆಯ ಹಿಂದೆ ಹೋಗಿ ನಿಂತ. ಎಂದಿನಂತೆ ಆ ತಗ್ಗಿದ ದನಿ. "ಕಡೇ ಸಲ ಕೇಳ್ತಾ ಇದ್ದೀನಿ ಅಷ್ಟೇ. ಗಂಡ ಕೈ ಮಾಡ್ತಾರಾ?"

"ಇಲ್ಲ ಮೇಡಂ. ನಾನೇ ಮಾಡ್ತೀನಿ."

ಟೈಲರ್ ಪರದೆ ಸರಿಸಿ ನುಗ್ಗಿದ. "ತಮಾಷೆ ಮೇಡಂ! ಇವಳಿಗೆ ಹೊತ್ತುಗೊತ್ತು ಇಲ್ಲದ ತಮಾಷೆ!"

"ಅಂಗಿ ಬಿಚ್ರೀ," ಎಂದಳು ಹೆಂಡತಿ.

"ಬಾಯಿ ಮುಚ್ಚೇ. ಮೇಡಂ, ಇವಳಿಗೆ ತಲೆ ಸರಿ ಇಲ್ಲ, ನಿದ್ದೆ ಮಾಡಿಲ್ಲ..."

ಅವಳು ಎದ್ದು ಬಂದು ಅವನ ಅಂಗಿಯ ಎರಡೂ ಬದಿ ಹಿಡಿದು ಹರಿದಳು. ಗುಂಡಿಗಳು ನೆಲಕ್ಕೆ ಸಿಡಿದವು. ಅವನು ಕೊಸರಾಡಿದ, ಅವಳ ಹಿಡಿತ ಸಡಿಲಲಿಲ್ಲ. ದಿನಾ ರೆಕ್ಕೆ ಮಡಚುವ ಕೈ ಅದು. ಭುಜ ಹಿಡಿದು ತಿರುಗಿಸಿ ಅವನ ಬೆನ್ನನ್ನು ಮೇಡಂ ಮುಂದೆ ನಿಲ್ಲಿಸಿದಳು. ಹಳೆಯ ಬಾಸುಂಡೆ ಕಪ್ಪಾಗಿತ್ತು, ಈಚಿನದು ಹಸಿರುಗಟ್ಟಿತ್ತು. ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ನೀವು ಇವರನ್ನ ಯಾವತ್ತೂ ಕೇಳಲಿಲ್ಲ," ಎಂದಳು ಅವಳು. "ಇವರು ದೊಡ್ಡವರು. ಪೆಟ್ಟು ತಿಂದು, ಗುಂಡಿ ಹಾಕ್ಕೊಂಡು, ನಗ್ತಾರೆ. ಆ ಮಗು ಏನ್ ಮಾಡುತ್ತೆ ಮೇಡಂ? ನಾನು ನೊಣ ಓಡಿಸಿದ್ರೇ ಮೇಜಿನ ಕೆಳಗೆ ಹೋಯ್ತು. ಬಂದ ಮೇಲೆ ಹೊಡೆಯಲ್ಲ ಅಂತ ಆಣೆ ಹಾಕೋಣ ಅಂದ್ಕೊಂಡೆ. ಇವರಿಗೂ ಹಾಗೇ ಎಷ್ಟೋ ಸಲ ಆಣೆ ಹಾಕಿದ್ದೆ."

ಟೈಲರ್ ತಿರುಗಿ ನಿಂತ. ಜನ್ಮದಲ್ಲಿ ಇರುವೆಯನ್ನೂ ನೋಯಿಸದವನು ಹೆಂಡತಿಯ ಬಾಯಿಗೆ ಮುಷ್ಟಿ ಬಿಗಿದು ಗುದ್ದಿದ. "ನನ್ನ ಮಗು! ನನ್ನ ಮಗೂನ ಕಳೆದ್ಯಲ್ಲೇ! ಇಷ್ಟು ವರ್ಷ ನಾನು ಯಾತಕ್ಕೆ ತಿಂದೆ, ಹೇಳೇ, ಯಾತಕ್ಕೆ ತಿಂದೆ!" ಎಂದು ಇನ್ನೊಮ್ಮೆ ಗುದ್ದಿದ. ಅವಳು ಗೋಡೆಗೆ ಬಡಿದು ಕುಸಿದಳು. ಮೇಡಂ ನಡುವೆ ನುಗ್ಗಿ ಅವನನ್ನು ದೂಡಿದರು. ಅವನು ಹರಿದ ಅಂಗಿಯಲ್ಲಿ ಮಿಷನ್ನಿನ ಕಾಲ ಬಳಿ ಕೂತು ದನಿ ತೆಗೆದು ಅತ್ತ.

ಮೇಡಂ ಕಾಗದಗಳನ್ನು ಚೀಲಕ್ಕೆ ತುಂಬಿದರು. "ಮಗು ಇಲ್ಲಿಗೆ ಬರಲ್ಲ," ಎಂದರು ಕಷ್ಟಪಟ್ಟು. "ನಿಮ್ಮ ಹಾಗೇ ಕಾಯ್ತಿರೋ ಬೇರೆ ಗಂಡ ಹೆಂಡತಿ ಇದ್ದಾರೆ. ಅವರಿಗೆ ಹೋಗುತ್ತೆ."

ಹೆಂಡತಿ ಬಾಯಲ್ಲಿದ್ದ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. "ಅವರ ಮನೇಲಿ ಗಂಡನನ್ನೂ ಕೇಳಿ ಮೇಡಂ," ಎಂದಳು.

ಕೇಳುತ್ತೇನೆ ಎಂದರು ಮೇಡಂ.