ಬಿರುಕಿನ ಮೇಲೆ ಏಳು ಕಾಗದದ ಪಟ್ಟಿ

ಅಮ್ಮ ಹಳೆಯ ಪತ್ರಿಕೆಗಳನ್ನು ಕತ್ತರಿಸಿ ಕೊಡುತ್ತಿದ್ದಳು. ನಾನು ಅಂಚಿಗೆ ಅಂಟು ಬಳಿದು, ಮಡಚಿ, ಪೊಟ್ಟಣ ಮಾಡಿ ಒಂದರ ಮೇಲೊಂದು ಇಡುತ್ತಿದ್ದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಅಪ್ಪ ಗಡಿಯಾರ ರಿಪೇರಿ ಮಾಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಪ್ಪನ ಮೇಜಿನ ಮೇಲೆ ಸಾಸಿವೆಗಿಂತ ಸಣ್ಣ ತಿರುಪು ಇರುತ್ತದೆ. ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಅದು ಹಾರಿಹೋಗುತ್ತದೆ.

ಆ ದಿನ ಅದನ್ನು ಹಾರಿಸಿದ್ದು ಉಸಿರಲ್ಲ. ಪಕ್ಕದಲ್ಲಿ ದಡ್ ಅಂತ ಏನೋ ಬಿತ್ತು. ಗೋಡೆಯ ಮೇಲಿನ ಹದಿನಾಲ್ಕು ಗಡಿಯಾರಗಳೂ ಒಮ್ಮೆ ನಡುಗಿದವು.

“ಹೋಯ್ತು ತಿರುಪು!” ಎಂದು ಅಪ್ಪ ನೆಲದ ಮೇಲೆ ಅಂಗೈ ಊರಿ ಹುಡುಕತೊಡಗಿದರು. “ಉಗ್ರಾಣ ಬೀಳಿಸ್ತಿದಾರೆ. ಇನ್ನು ನಾಲ್ಕು ದಿನ ಇದೇ ಸಂಗೀತ.”

ನಮ್ಮದು ಸಮುದ್ರದ ದಂಡೆಯ ಚಿಕ್ಕ ಪಟ್ಟಣ. ಮೊದಲು ಮನೆ, ಅಂಗಡಿಗಳ ನಡುವೆ ಖಾಲಿ ಜಾಗಗಳು ಬೇಕಾದಷ್ಟಿದ್ದವು. ಈಗ ಬಾಯಲ್ಲಿ ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕಟ್ಟಿಸಿದಂತೆ ಒಂದೊಂದೇ ತುಂಬುತ್ತಿವೆ. ನಮ್ಮ ಪಕ್ಕದ ಹಳೆಯ ಉಗ್ರಾಣದ ಜಾಗದಲ್ಲೂ ನಾಲ್ಕು ಮಹಡಿ ಏಳಲಿತ್ತು. ಅಪ್ಪನಿಗೆ ಖುಷಿ. “ಜನ ಬರ್ತಾರೆ. ಜನ ಬಂದ್ರೆ ಗಡಿಯಾರಾನೂ ಬರುತ್ತೆ,” ಎನ್ನುತ್ತಿದ್ದರು.

ಮಾರನೆಯ ದಿನ ಆ ಕೆಲಸದ ಸೂಪರ್‌ವೈಸರ್ ನಿಂತುಹೋದ ಕೈಗಡಿಯಾರ ಹಿಡಿದು ಬಂದರು. ನಗುಮುಖದ ಮನುಷ್ಯ. ಅಪ್ಪ ಐದೇ ನಿಮಿಷದಲ್ಲಿ ಅದನ್ನು ಓಡಿಸಿ ಕೊಟ್ಟರು.

“ಯಜಮಾನ್ರೇ, ನಿಮ್ಮ ಕೈಯಲ್ಲಿ ಏನೋ ಇದೆ!” ಎಂದು ಹೊಗಳಿ, ಅವರು ಜೇಬಿನಿಂದ ಒಂದು ಕಾಗದ ತೆಗೆದರು. “ಹಾಗೇ ಇಲ್ಲೊಂದು ಸಹಿ ಹಾಕಿ. ಸುಮ್ನೆ ಒಂದು ಕ್ರಮಕ್ಕೆ.”

ಹೊಗಳಿದರೆ ಅಪ್ಪ ಬೆಣ್ಣೆ. ಆಗಲೇ ಪೆನ್ನು ಹುಡುಕುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು, ನಿಧಾನಕ್ಕೆ ಓದುತ್ತೇನೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅದು ಸುಮ್ಮನೆ ಬರೆಸಿದ ಕಾಗದವಲ್ಲ ಎಂದು ಗೊತ್ತಾಯಿತು. ಅಪ್ಪಾ ಬೇಡ ಎನ್ನಬೇಕೆಂದುಕೊಂಡೆ. ಆದರೆ ಹೊರಗಿನವರು ಎದುರಿಗಿದ್ದರೆ ನಾನು ಬಾಯಿ ತೆರೆಯುವುದಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಅಪ್ಪನ ಅಕ್ಕ ಅವಳು. ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುತ್ತಿರುವವಳು. ಕಾಲಿನಲ್ಲಿ ಸಿಮೆಂಟು, ಕೈಯಲ್ಲಿ ಕರಣೆ.

“ಏನೋ ಅದು ಕಾಗದ?”

“ಏನಿಲ್ಲ ಅಕ್ಕ, ಸುಮ್ನೆ ಒಂದು...”

“ಸುಮ್ನೆ ಆದ್ರೆ ಸಹಿ ಯಾಕೆ? ಓದೇ ಮಗಳೇ, ಗಟ್ಟಿಯಾಗಿ. ನನಗೆ ಅಕ್ಷರ ಬರಲ್ಲ ಅಂತ ಗೊತ್ತಲ್ಲ.”

ಅತ್ತೆ ಹೇಳಿದಳೆಂದು ಓದಿದೆ. ನಮ್ಮ ಮನೆಯ ಗೋಡೆಯಲ್ಲಿರುವ ಬಿರುಕುಗಳೆಲ್ಲ ಹಳೆಯವು, ಮುಂದೆ ಗೋಡೆಗೆ ಏನೇ ಆದರೂ ನಮ್ಮ ತಕರಾರಿಲ್ಲ ಎಂದು ಅದರಲ್ಲಿ ಬರೆದಿತ್ತು.

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಸೂಪರ್‌ವೈಸರ್ ಕೆಮ್ಮಿದರು.

“ಎಲ್ಲ ಕಡೆ ಹೀಗೇ ಬರೆಸ್ಕೊಳ್ತೀವಿ ಅಮ್ಮಾ. ನಂಬಿಕೆ ಇರಲಿ.”

“ನಂಬಿಕೆ ಇದೆ ಸ್ವಾಮಿ. ನಂಬಿಕೆ ಬಾಯಲ್ಲೇ ಇರಲಿ, ಕಾಗದದಲ್ಲಿ ಬೇಡ,” ಎಂದಳು ಅತ್ತೆ.

ಅವರು ಹೊರಟ ಮೇಲೆ ಅಪ್ಪ ಮುಖ ಊದಿಸಿಕೊಂಡರು. “ಪಾಪ, ಒಳ್ಳೇ ಮನುಷ್ಯ. ಈ ಮನೆ ಐವತ್ತು ವರ್ಷದಿಂದ ನಿಂತಿದೆ. ಪಕ್ಕದಲ್ಲಿ ಗುಂಡಿ ತೋಡಿದ್ರೆ ಬಿದ್ದುಬಿಡುತ್ತಾ?”

“ನಮ್ಮ ಕಾಲ ಕೆಳಗಿರೋದು ಮರಳು ಕಣೋ. ಸೊಂಟದುದ್ದ ತೋಡಿದ್ರೆ ನೀರು. ಗುಂಡಿ ಪಾಯದ ಪಕ್ಕಕ್ಕೇ ಬಂದ್ರೆ, ಆ ನೀರನ್ನ ಪಂಪು ಎಳೆದ್ರೆ, ನಮ್ಮ ಪಾಯದ ಕೆಳಗಿನ ಮರಳೂ ಜೊತೆಗೇ ಹೊರಡುತ್ತೆ. ಈ ಗೋಡೆ ಹೋದ್ರೆ ಅಂಗಡೀನೂ ಹೋಯ್ತು, ನಿನ್ನ ಮೇಜೂ ಹೋಯ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ?”

“ಹಾಗಾದ್ರೆ ಏನು ಮಾಡಬೇಕು, ಹೇಳು!”

ಅತ್ತೆ ನನ್ನ ಅಂಟಿನ ಡಬ್ಬಿ ನೋಡಿದಳು. “ಉದ್ದಕ್ಕೆ ಪಟ್ಟಿ ಕತ್ತರಿಸೇ. ಎಲ್ಲೆಲ್ಲಿ ಬಿರುಕಿದೆಯೋ ಅಲ್ಲೆಲ್ಲ ಅಡ್ಡಲಾಗಿ ಅಂಟಿಸು. ಮೇಲೆ ಇವತ್ತಿನ ತಾರೀಖು ಬರಿ. ಫೋನಲ್ಲಿ ಫೋಟೋ ತೆಗೆದಿಡು.”

ಅಪ್ಪ ನಕ್ಕರು. “ಬಿರುಕಿಗೆ ಕಾಗದ ಅಂಟಿಸಿದ್ರೆ ಗೋಡೆ ನಿಲ್ಲುತ್ತಾ ಅಕ್ಕ?”

“ಕಾಗದ ಗೋಡೆ ಹಿಡಿಯಲ್ಲ. ಸುಳ್ಳು ಹಿಡಿಯುತ್ತೆ.”

ಬಿರುಕು ಹುಡುಕಿದೆವು. ಅಡುಗೆಮನೆಯಲ್ಲಿ ಎರಡು, ಕಿಟಕಿಯ ಮೂಲೆಯಲ್ಲಿ ಮೂರು, ಅಂಗಡಿಯ ಕಪಾಟಿನ ಪಕ್ಕ ಎರಡು. ಒಟ್ಟು ಏಳು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಅವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗು ಕಾಣುವ ಅಪ್ಪನಿಗೂ ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಅಮ್ಮ ಮೆಲ್ಲಗೆ ಹೇಳಿದಳು. ಅಪ್ಪ ಕೇಳಿಸದವರಂತೆ ಇದ್ದರು.

ಸಂಜೆ ಮತ್ತೆ ಬಂದ ಸೂಪರ್‌ವೈಸರ್ ಪಟ್ಟಿಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಯಜಮಾನ್ರೇ, ಗೋಡೆಗೆ ಗಾಯ ಆಗಿದ್ಯಾ? ಇಷ್ಟೊಂದು ಪಟ್ಟಿ ಕಟ್ಟಿದೀರಿ!”

“ಗಾಯ ಆಗಿಲ್ಲ ಅಂತ ನೀವೇ ಒಂದು ಸಹಿ ಹಾಕಿಬಿಡಿ, ಡಾಕ್ಟ್ರೇ,” ಎಂದಳು ಅತ್ತೆ.

ತಮಾಷೆಗೆ ತಮಾಷೆ ಎಂದು ಅವರು ಕಪಾಟಿನ ಪಕ್ಕದ ಪಟ್ಟಿಯ ಮೇಲೆ ಸಹಿ ಹಾಕಿದರು. ದೊಡ್ಡ ಸಹಿ. ಕೊನೆಯಲ್ಲಿ ಹಲ್ಲಿಯ ಬಾಲದಂತೆ ಉದ್ದ ಗೆರೆ. ಆ ಬಾಲ ಸರಿಯಾಗಿ ಬಿರುಕನ್ನು ದಾಟಿ ಹೋಗಿತ್ತು.

ಆಮೇಲೆ ಗುಂಡಿ ಶುರುವಾಯಿತು. ಹಗಲೆಲ್ಲ ಪಂಪು ಓಡುತ್ತಿತ್ತು. ಅದರ ಕೊಳವೆ ನಮ್ಮ ಮನೆಯ ಮುಂದಿನ ಚರಂಡಿಗೆ ನೀರು ಬಿಡುತ್ತಿತ್ತು. ನಾನು ಪಾತ್ರೆ ತೊಳೆಯುವುದು ಆ ಚರಂಡಿಯ ಪಕ್ಕದಲ್ಲೇ. ಮೊದಲ ದಿನ ನೀರು ತಿಳಿಯಾಗಿತ್ತು. ಮೂರನೇ ದಿನ ಮಬ್ಬಾಯಿತು. ಐದನೇ ದಿನ ಚರಂಡಿಯಲ್ಲಿ ಮರಳು ಗುಪ್ಪೆಯಾಗಿ ನಿಂತಿತ್ತು. ಕೈ ತುಂಬ ತೆಗೆದು ನೋಡಿದೆ. ನುಣ್ಣಗೆ, ತಣ್ಣಗೆ ಇತ್ತು. ಗುಂಡಿಯೊಳಗಿನ ಮಣ್ಣನ್ನು ಲಾರಿ ಒಯ್ಯುತ್ತದೆ. ಈ ಮರಳು ಎಲ್ಲಿಂದ ಬಂತು?

ಪಾತ್ರೆ ಅಲ್ಲೇ ಬಿಟ್ಟು ಒಳಗೆ ಹೋದೆ. ಕಪಾಟಿನ ಪಕ್ಕದ ಪಟ್ಟಿ ಮುಟ್ಟಿದೆ. ಉಗುರಿಗೆ ಏನೋ ತಾಗಿತು.

“ಅಪ್ಪಾ, ಹರಿದಿದೆ.”

“ನಿನ್ನ ಅಂಟು ಒಣಗಿ ಹರಿದಿರುತ್ತೆ. ಹೋಗೇ.”

ನಾನು ಹೋಗಲಿಲ್ಲ. ಅಪ್ಪನ ಕಣ್ಣಿನ ಭೂತಗನ್ನಡಿಯನ್ನೇ ಮೆಲ್ಲಗೆ ಬಿಡಿಸಿ, ಪಟ್ಟಿಯ ಹತ್ತಿರ ಹಿಡಿದು ನಿಂತೆ. ಅಪ್ಪನ ಭೂತಗನ್ನಡಿಯನ್ನು ಯಾರೂ ಮುಟ್ಟುವಂತಿಲ್ಲ. ಆಶ್ಚರ್ಯಕ್ಕೋ ಸಿಟ್ಟಿಗೋ ಎದ್ದು ಬಂದು ನೋಡಿದರು. ಒಂದು ನಿಮಿಷ. ಎರಡು ನಿಮಿಷ.

ಸಹಿಯ ಬಾಲ ಎರಡು ತುಂಡಾಗಿತ್ತು. ಒಂದು ತುಂಡು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಕೆಳಗಿಳಿದಿತ್ತು. ಅಂಟು ಒಣಗಿದರೆ ಗೆರೆ ಕೆಳಗಿಳಿಯುವುದಿಲ್ಲ.

“ಅತ್ತೇನ ಕರಿ,” ಎಂದರು ಅಪ್ಪ. ದನಿ ಸಣ್ಣಗಾಗಿತ್ತು.

ಅತ್ತೆ ಬಂದವಳೇ ನಮ್ಮನ್ನು ನಗರಸಭೆಗೆ ಎಬ್ಬಿಸಿಕೊಂಡು ಹೋದಳು. ಅರ್ಜಿ ಬರೆದವಳು ನಾನು. ಕಾಗುಣಿತ ತಪ್ಪಿರಬಹುದು, ತಾರೀಖು ತಪ್ಪಿರಲಿಲ್ಲ. ಮಧ್ಯಾಹ್ನವೇ ಇಂಜಿನಿಯರ್ ಮೇಡಂ ನಕ್ಷೆಯ ಸುರುಳಿ ಹಿಡಿದು ಬಂದರು.

“ಅದು ಹಳೇ ಬಿರುಕು ಮೇಡಂ,” ಎಂದರು ಸೂಪರ್‌ವೈಸರ್. “ಹಳೇ ಮನೆ ಅಂದ್ಮೇಲೆ ಇರುತ್ತೆ.”

“ಬಿರುಕು ಹಳೇದೇ. ಸಹಿ ಹೊಸದಲ್ವಾ?” ಎಂದಳು ಅತ್ತೆ. “ಇದು ಯಾರ ಬಾಲ ಅಂತ ನೋಡಿ ಸ್ವಾಮಿ.”

ಸೂಪರ್‌ವೈಸರ್ ಬಗ್ಗಿ ನೋಡಿದರು. ಅವರ ಕಿವಿ ಕೆಂಪಾಯಿತು.

ಮೇಡಂ ಹೊರಗೆ ಗುಂಡಿಯ ಪಕ್ಕ ನಿಂತು ನಕ್ಷೆ ಬಿಡಿಸಿದರು. ನಮ್ಮ ಗೋಡೆಯಿಂದ ಜಾಗ ಬಿಟ್ಟು ತೋಡಬೇಕೆಂದೂ, ಗುಂಡಿಯ ಬದಿ ಕುಸಿಯದಂತೆ ಆಸರೆ ಕೊಡಬೇಕೆಂದೂ ಅದರಲ್ಲೇ ಇತ್ತು. ಕಟ್ಟುವವರು ಜಾಗ ಉಳಿಸಲು ಗೋಡೆಯ ಬುಡದವರೆಗೆ ಬಂದಿದ್ದರು, ಆಸರೆಯನ್ನೂ ಕೊಟ್ಟಿರಲಿಲ್ಲ. “ನೀರು ತೆಗೆಯದೆ ಪಾಯ ಹಾಕೋದು ಹೇಗೆ ಮೇಡಂ? ನಾವು ಬಿಡ್ತಿರೋದು ಬರೀ ನೀರು,” ಎಂದರು ಸೂಪರ್‌ವೈಸರ್.

ಅತ್ತೆ ನನ್ನ ಕಡೆ ನೋಡಿದಳು. ಚರಂಡಿಯ ಮರಳನ್ನು ನೋಡಿದವಳು ನಾನೊಬ್ಬಳೇ. ದಾರಿಯಲ್ಲೇ ಅತ್ತೆಗೆ ಹೇಳಿದ್ದೆ. ಚರಂಡಿಗೆ ಓಡಿ ಬೊಗಸೆಯಲ್ಲಿ ತುಂಬಿ ತಂದೆ. ಬೆರಳ ಸಂದಿಯಿಂದ ಅರ್ಧ ಸೋರಿಹೋಗಿತ್ತು.

“ಬರೀ ನೀರಲ್ಲ ಮೇಡಂ,” ಎಂದೆ. “ಮೊದಲ ದಿನ ತಿಳಿಯಾಗಿತ್ತು. ಈಗ ದಿನಾ ಇಷ್ಟಿಷ್ಟು ಮರಳು ಬರ್ತಿದೆ. ಇದು... ಇದು ನಮ್ಮ ಮನೆ ಕೆಳಗಿಂದು.”

ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ.

ಮೇಡಂ ಬೊಗಸೆ ನೋಡಿದರು, ಗುಂಡಿ ನೋಡಿದರು. “ಪಂಪು ನಿಲ್ಲಿಸಿ,” ಎಂದರು. ಸಂಜೆಯೊಳಗೆ ಗೋಡೆಯ ಬುಡಕ್ಕೆ ಮರಳಿನ ಮೂಟೆಗಳು ಬಿದ್ದವು. ಆಮೇಲೆ ಗುಂಡಿಯ ಬದಿಗೆ ಕಬ್ಬಿಣದ ಹಲಗೆಗಳು ಇಳಿದವು. ನಕ್ಷೆಯಲ್ಲಿದ್ದ ಜಾಗ ಬಿಟ್ಟೇ ಕೆಲಸ ಮುಂದುವರಿಯಿತು. ನಮ್ಮ ಬಿರುಕನ್ನು ಅವರ ಖರ್ಚಿನಲ್ಲೇ ಮುಚ್ಚಿಸಿದರು. ಮುಚ್ಚುವವರು ಬೇರೆ ಯಾರೂ ಆಗಬಾರದು ಎಂದು ಅತ್ತೆ ಹಟ ಹಿಡಿದು ತಾನೇ ಮುಚ್ಚಿದಳು, ಕೂಲಿಯನ್ನೂ ಅವರಿಂದಲೇ ಪಡೆದಳು. ಹೊಸ ಗಾರೆಯ ಮೇಲೆ ನಾನು ಮತ್ತೆ ಪಟ್ಟಿ ಅಂಟಿಸಿದೆ. ಈ ಸಲ ಅಪ್ಪನೇ ಬಂದು ತಾರೀಖು ಬರೆದರು. ಆಮೇಲೆ ಒಂದೂ ಹರಿಯಲಿಲ್ಲ.

ಈಗ ಪಕ್ಕದಲ್ಲಿ ನಾಲ್ಕು ಮಹಡಿ ನಿಂತಿದೆ. ಎಂಟು ಸಂಸಾರ ಬಂದಿವೆ. ಬಾಲ್ಕನಿಯಿಂದ ಒಬ್ಬ ಅಜ್ಜಿ ದಿನಾ ನನ್ನ ಜೊತೆ ಮಾತಾಡುತ್ತಾರೆ. ನಾನೂ ಮಾತಾಡುತ್ತೇನೆ. ಅಪ್ಪ ಹೇಳಿದಂತೆ ಗಡಿಯಾರಗಳೂ ಬರುತ್ತಿವೆ. ಸೂಪರ್‌ವೈಸರ್ ಈಗಲೂ ಬರುತ್ತಾರೆ. ಮೊನ್ನೆ ನಮ್ಮ ಅತ್ತೆಯನ್ನು ತಮ್ಮ ಹೊಸ ಕೆಲಸಕ್ಕೆ ಕರೆಯಲು ಬಂದಿದ್ದರು. “ಅಕ್ಕಪಕ್ಕದ ಮನೆಗಳಿಗೆ ಮೊದಲೇ ಪಟ್ಟಿ ಅಂಟಿಸಿಬಿಡಮ್ಮಾ. ನನಗೂ ನಿದ್ದೆ ಬರುತ್ತೆ,” ಎಂದರು. “ಅಂಟಿಸೋದು ನನ್ನ ತಮ್ಮನ ಮಗಳು. ಅವಳನ್ನ ಕೇಳಿ,” ಎಂದಳು ಅತ್ತೆ. ಕೇಳಿದರು. ಹೂಂ ಎಂದಿದ್ದೇನೆ.

ಓದುತ್ತಿರುವ ಅಕ್ಕ, ಅಣ್ಣ, ನಮ್ಮೂರು ಬೆಳೆಯಲಿ, ಮನೆ ಇಲ್ಲದವರಿಗೆ ಮನೆ ಆಗಲಿ. ಹೊಸ ಮನೆ ಏಳುವಾಗ ಹಳೆಯದು ಬೀಳಬೇಕಾಗಿಲ್ಲ. ನಿಮ್ಮ ಪಕ್ಕದ ಜಾಗಕ್ಕೆ ಇಟ್ಟಿಗೆ, ಜಲ್ಲಿ ಬಂದು ಬಿದ್ದಿದ್ದರೆ ತಡಮಾಡಬೇಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಮನೆಯ ಮಗಳ ಕೈಗೆ ಕೊಡಿ. ನಗರಸಭೆಗೆ ಹೋಗಿ ನಕ್ಷೆಯಲ್ಲಿ ಏನಿದೆ ಎಂದು ಕೇಳಿ, ಕೇಳಲು ನಾಚಿಕೆ ಬೇಡ. ಗುಂಡಿ ತೋಡುವ ಮೊದಲೇ ಗೋಡೆಯ ಫೋಟೋ ತೆಗೆದು, ಬಿರುಕಿಗೆ ಪಟ್ಟಿ ಅಂಟಿಸಿ, ತಾರೀಖು ಬರೆದು, ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಪಂಪಿನ ನೀರಿನಲ್ಲಿ ಮರಳು ಕಂಡರೆ, ಪಟ್ಟಿ ಹರಿದರೆ, ಅದೇ ದಿನ ಬರೆದುಕೊಡಿ.

ಇದೆಲ್ಲ ನೆನಪಿಡುವುದು ಕಷ್ಟವಾದರೆ ಒಂದೇ ಒಂದು ಕೆಲಸ ಮಾಡಿ. ಈ ಹಾಳೆಯನ್ನು ಕೆಳಗಿಟ್ಟು, ಎದ್ದು ಹೋಗಿ ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ ಬನ್ನಿ.