ಒಳಗಿರುವವರು: ಸೊನ್ನೆ

ನಮ್ಮಕ್ಕ ಪಂಕಜಾ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಹೊರಗೆ ನಿಂತಿದ್ದಳು. ಗೇಟಿನ ಆ್ಯಪ್ ಮಾತ್ರ ಅವಳು ಒಳಗಿದ್ದಾಳೆ ಎಂದು ಹಟ ಹಿಡಿದಿತ್ತು.

"ಸರ್ ಜೀ, ಒಳಗಿರೋರನ್ನ ಮತ್ತೆ ಒಳಗೆ ಹೇಗೆ ಬಿಡ್ಲಿ?" ಎಂದ ಗಾರ್ಡ್ ಮನೋಜ್.

"ಏನೋ ಶ್ರೀವತ್ಸ ಇದು? ಕಣ್ಣೆದುರಿಗೆ ನಿಂತಿದೀನಿ. ನಾನೇನು ದೆವ್ವಾನಾ?" ಅಕ್ಕ ನನ್ನ ಮೇಲೆ ಎಗರಿದಳು.

ಹಿಂದಿನ ಭಾನುವಾರ ಬಂದಿದ್ದವಳು ಹಿಂಬದಿಯ ಸಣ್ಣ ಗೇಟಿನಿಂದ ಕೊತ್ತಂಬರಿ ಸೊಪ್ಪು ಕೊಳ್ಳಲು ಹೋಗಿ, ಹಾಗೇ ಮೆಟ್ರೋ ಹತ್ತಿ ಕರೋಲ್ ಬಾಗ್‌ನ ತನ್ನ ಮನೆ ಸೇರಿಕೊಂಡಿದ್ದಳು. ಹೋದದ್ದು ಎಲ್ಲೂ ದಾಖಲಾಗಿರಲಿಲ್ಲ. ಈ ದರಿದ್ರ ಆ್ಯಪ್ ಮಾಡಿದ್ದು ನಾನು ಕೆಲಸ ಮಾಡುವ ನೋಯ್ಡಾ ಕಂಪನಿಯೇ. ಹೊಟ್ಟೆ ಉರಿಯದೆ ಇರುತ್ತದೆಯೇ?

ಮೇಲೆ ಮನೆಯಲ್ಲಿ ತೊಟ್ಟಿಲು ಸಿಂಗರಿಸಿ ಆಗಿತ್ತು. ಅವತ್ತು ನನ್ನ ಮಗಳ ನಾಮಕರಣ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಅಮ್ಮ ಹೋದಮೇಲೆ ನನಗೆ ತಾಯಿ, ಬಳಗ ಎಲ್ಲ ಈ ಅಕ್ಕನೇ ಆದ್ದರಿಂದ ಹೆಸರು ಆರಿಸುವುದನ್ನೂ ಅವಳಿಗೇ ಬಿಟ್ಟಿದ್ದೆವು. ಏನು ಆರಿಸಿದ್ದಾಳೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ಮುಹೂರ್ತ ಮುಗಿಯಲು ಅರ್ಧ ಗಂಟೆಯೂ ಇರಲಿಲ್ಲ.

"ತಡಿ, ನಾನೇ ಆ್ಯಪ್ ಒಳಗೆ ಕೈ ಹಾಕ್ತೀನಿ" ಎಂದು ಗಾರ್ಡ್ ಕ್ಯಾಬಿನ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದೆ.

ಆ್ಯಪ್ ಓಡುವುದು ಕಂಟೇನರ್ ಎಂಬ ಮುಚ್ಚಿದ ಡಬ್ಬಿಯೊಳಗೆ. ಅದು ಓಡುತ್ತಿರುವಾಗಲೇ ಒಂದು ಕಮಾಂಡ್ ಕೊಟ್ಟು ಒಳಹೊಕ್ಕು ಏನು ಬೇಕಾದರೂ ತಿದ್ದಬಹುದು. ಡಬ್ಬಿ ಸತ್ತು ಹೊಸದು ಹುಟ್ಟಿದರೆ ಒಳಗಿಟ್ಟಿದ್ದೆಲ್ಲ ಮಾಯ. ಯಾರು ಒಳಗಿದ್ದಾರೆ ಎಂಬ ಪಟ್ಟಿಯನ್ನು ನಮ್ಮ ಮಹಾನುಭಾವರು ಆ ಡಬ್ಬಿಯೊಳಗೇ ಇಟ್ಟಿದ್ದರು.

ಒಳಹೊಕ್ಕೆ. ಅಕ್ಕನ ಹೆಸರು ಹುಡುಕಿದೆ. ತಿದ್ದುವಾಗ ಯಾರೂ ನಡುವೆ ಬರಬಾರದೆಂದು ಆ್ಯಪನ್ನು ಒಂದು ಗಳಿಗೆ ತಡೆದು ನಿಲ್ಲಿಸಿದೆ. ಅಲ್ಲೇ ಎಡವಟ್ಟಾಯಿತು. "ಬದುಕಿದ್ದೀಯಾ?" ಎಂದು ಡಬ್ಬಿಯನ್ನು ಆಗಾಗ ವಿಚಾರಿಸುವ ಕಾವಲು ವ್ಯವಸ್ಥೆಗೆ ಉತ್ತರ ಬರಲಿಲ್ಲ. ಅದು ಡಬ್ಬಿ ಸತ್ತಿತೆಂದುಕೊಂಡು ಹೊಸದನ್ನು ಹುಟ್ಟಿಸಿತು.

ಮನೋಜ್‌ನ ಟ್ಯಾಬ್ ಬೀಪ್ ಎಂದಿತು. ಒಳಗಿರುವವರು: ಸೊನ್ನೆ.

ಆಫೀಸಿನಿಂದ ನನ್ನ ಟೀಮ್ ಲೀಡ್ ಸಿಂಧೂರಳ ಫೋನು. "ಓಡ್ತಿರೋ ಕಂಟೇನರ್‌ಗೆ ಕೈ ಹಾಕ್ಬೇಡ ಅಂತ ಬಡ್ಕೊಂಡಿದ್ನಲ್ಲೋ ಪುಣ್ಯಾತ್ಮ! ನಿನ್ನ ಅಕೌಂಟ್ ಬಂದ್ ಮಾಡಿದೀನಿ, ನೀನು ಒಳಗೆ ಹೋಗೋ ಗೇಟ್ ಕೋಡೂ ಸೇರಿ." ಇಟ್ಟೇಬಿಟ್ಟಳು.

ಅಷ್ಟರಲ್ಲಿ ಇಡೀ ಸೊಸೈಟಿಯ ಫೋನುಗಳಿಗೆ ಸಂದೇಶ ಹೋಗಿತ್ತು: ನೀವು ಹೊರಗಿದ್ದೀರಿ, ದಯವಿಟ್ಟು ಗೇಟಿನಿಂದ ಪ್ರವೇಶಿಸಿ. ಜನ ನಕ್ಕು ಸುಮ್ಮನಿದ್ದರೇ? ಇಲ್ಲ ಸ್ವಾಮಿ! ಲಿಫ್ಟು ತುಂಬಿ ತುಂಬಿ ಕೆಳಗಿಳಿದರು. ಒಬ್ಬರು ಹಲ್ಲುಜ್ಜುತ್ತಲೇ ಬಂದರು, ಇನ್ನೊಬ್ಬರು ಕುಕ್ಕರ್ ಹಿಡಿದು ಬಂದರು. ಎಲ್ಲರೂ ಶಿಸ್ತಾಗಿ ಹೊರಗೆ ಹೋಗಿ, ಒಳಗೆ ಬರಲು ಸಾಲು ನಿಂತರು. ನನ್ನ ಹೆಂಡತಿ ಸಂಯುಕ್ತಾ ಮಗುವನ್ನೆತ್ತಿಕೊಂಡು ಓಡಿಬಂದಳು. ಗೇಟ್ ಕೋಡು ಇರುವ ಫೋನನ್ನು ಮೇಲೇ ಬಿಟ್ಟು ಬಂದಿದ್ದಳು.

"ನಾವು ಮನೇಲೇ ಇದ್ವಲ್ರೀ! ಯಾಕ್ರೀ ಹೊರಗೆ ಬಂದ್ವಿ?"

"ನನ್ನನ್ನ ಕೇಳ್ಬೇಡ" ಎಂದೆ. ತಲೆ ಎತ್ತುವ ಮುಖವಿರಲಿಲ್ಲ.

ಅಕ್ಕ ಏರುತ್ತಿದ್ದ ಬಿಸಿಲು ನೋಡಿ, ಗೇಟಿನ ಬಳಿಯ ತರಕಾರಿ ಗಾಡಿಯವನ ಕಡೆ ತಿರುಗಿದಳು. "ಇನ್ನು ಕಾಯೋಕಾಗಲ್ಲ. ಭಯ್ಯಾ, ಆ ಗಾಡಿ ಈ ಕಡೆ ತಳ್ಳು."

ತರಕಾರಿಯವನು ಪಾಲಕ್ ಸೊಪ್ಪನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟ. ಅಕ್ಕ ತನ್ನ ಶಾಲು ಹಾಸಿ ಮಗುವನ್ನು ಗಾಡಿಯ ಮೇಲೆ ಮಲಗಿಸಿ, ಹಿಂದೆ ಮುಂದೆ ತೂಗಿದಳು. ಹಲ್ಲುಜ್ಜುತ್ತಿದ್ದವರು ಬ್ರಷ್ ಜೇಬಿಗಿಟ್ಟು ಚಪ್ಪಾಳೆ ತಟ್ಟಿದರು. ಅಕ್ಕ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಉಸುರಿದಳು.

ಮನೋಜ್ ಸಾಲಿನತ್ತ ಕೂಗಿದ. "ಸಣ್ಣ ಮಕ್ಕಳು ಮೊದಲು ಬರಲಿ. ಅವರಿಗೆ ಫೋನ್ ಬೇಡ, ಹೆಸರು ಸಾಕು. ಈ ಪುಟ್ಟ ಗುಡಿಯಾ ಹೆಸರೇನು?"

ಅಕ್ಕ ನನ್ನನ್ನೇ ನೋಡುತ್ತಾ ಗಟ್ಟಿಯಾಗಿ ಹೇಳಿದಳು. "ವಸಂತಿ."

ನಮ್ಮಮ್ಮನ ಹೆಸರು. ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ಮನೋಜ್ ಹೆಸರು ಒತ್ತಿ, ಮಗುವನ್ನು ಎತ್ತಿಕೊಂಡು ಗೇಟಿನ ಒಳಬದಿಗೆ ಹೋಗಿ ನಿಂತ. ಒಳಗಿರುವವರು: ಒಂದು. ಇನ್ನು ಅಕ್ಕ. ಅತಿಥಿ ಒಳಬರಲು ಒಳಗಿರುವ ಮನೆಯವರು ಒಪ್ಪಬೇಕು. ಟ್ಯಾಬ್ ಕೇಳಿತು: ವಸಂತಿಯವರೇ, ನಿಮ್ಮ ಅತಿಥಿ ಪಂಕಜಾ ಬಂದಿದ್ದಾರೆ. ಬಿಡಬಹುದೇ?

ಮನೋಜ್ ಟ್ಯಾಬನ್ನು ಮಗುವಿನ ಮುಂದೆ ಹಿಡಿದ. ಮಗು ಆಕಳಿಸಿತು.

ಅಕ್ಕ ಗೇಟಿನ ಸರಳು ಹಿಡಿದು ಒಳಗೆ ಬಗ್ಗಿದಳು. ಕಾಲೇಜಿಂದ ತಡವಾಗಿ ಬಂದು ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದಾಗ ಕರೆಯುತ್ತಿದ್ದಳಲ್ಲ, ಅದೇ ದನಿ.

"ಅಮ್ಮಾ, ಬಾಗಿಲು ತೆಗಿಯೇ."

ಮಗು ಮುಷ್ಟಿ ಎತ್ತಿ ಟ್ಯಾಬಿನ ಮೇಲೆ ಬಡಿಯಿತು. ಗೇಟು ತೆರೆಯಿತು. ಅಕ್ಕ ಬಲಗಾಲಿಟ್ಟು ಒಳಗೆ ಹೋದಳು.

ನಾನು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ.